ಎಡಗೈಯ ನಡುಕ

ಇಸಿಜಿ ಮಶೀನಿನ ಆರು ರಬ್ಬರ್ ಬುಗ್ಗೆಗಳಲ್ಲಿ ನಾಲ್ಕನ್ನು ತೊಳೆದು ಬಟ್ಟೆಯ ಮೇಲೆ ಬೋರಲು ಹಾಕಿ, ಅಂಬುಬಾಯಿ ಐದನೆಯದಕ್ಕೆ ಕೈ ಹಾಕಿದಳು. ಎದೆಗೆ ಹಚ್ಚಿದ ಜೆಲ್ಲಿ ಒಣಗಿ ಅಂಚಿಗೆ ಬಿಳಿ ಪೊರೆಯಾಗಿ ಅಂಟಿತ್ತು. ಅದನ್ನು ಬಿಸಿನೀರಿನಲ್ಲಿ ನೆನೆಸಿ, ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ಮೆಲ್ಲಗೆ ತಿಕ್ಕಬೇಕು. ಉಗುರು ತಾಗಿಸಿ ಕೆರೆದರೆ ಬುಗ್ಗೆಯ ಲೋಹ ಗೀರಾಗುತ್ತದೆ. ಗೀರಾದರೆ ಮುಂದಿನ ರೋಗಿಯ ಹೃದಯ ಕಾಗದದ ಮೇಲೆ ಸುಳ್ಳು ಹೇಳುತ್ತದೆ.

"ಅಷ್ಟು ಜ್ವಾಕಿಲೆ ತೊಳಿಯಾಕತ್ತೀರಲ್ಲ ಬಾಯಿ, ಯಾವ ದೇವರ ಸಾಮಾನು ಅವು?"

ಮಾತು ಹೊಸ್ತಿಲ ಕಡೆಯಿಂದ ಬಂತು.

"ದೇವರ್ದಲ್ಲ ಅಕ್ಕಾ. ಎದಿಗಿ ಹಚ್ಚೋ ಬುಗ್ಗಿ."

"ಗೊತ್ತದ. ನನ್ನ ಮಗನ ಎದಿಗೂ ಇವನ್ನೇ ಹಚ್ಚಿದ್ರಿ."

ಅಂಬುಬಾಯಿಯ ಕೈಯಲ್ಲಿದ್ದ ಬ್ರಷ್ಷು ನಿಂತಿತು.

ಹೊಸ್ತಿಲ ಮೇಲೆ ಕೂತಿದ್ದವಳು ಮುಕ್ತಾಬಾಯಿ. ಮುಂಜಾನೆಯ ಮೊದಲ ಬಸ್ಸಿಗೆ ಮೋರಖಂಡಿಯಿಂದ ಹೊರಟು ಹುಮನಾಬಾದಿಗೆ ಬಂದು, ಆಗಿನಿಂದ ಅಲ್ಲಿಯೇ ಕೂತಿದ್ದಳು. ಒಂಬತ್ತು ತಿಂಗಳ ಹಿಂದೆ, ಜೂನಿನಲ್ಲಿ ಮಿರಗದ ಮಳೆ ಹಿಡಿದ ದಿನ, ಅವಳ ಮಗ ಸಂಘರತ್ನ ಈ ದವಾಖಾನೆಯ ಮಂಚದ ಮೇಲೆ ಸತ್ತಿದ್ದ. ಕಣಗಿಲ ಬೀಜ ಅರೆದು ಉಣಿಸಿ ಕೊಂದಳೆಂದು ಅವನ ಹೆಂಡತಿ ಸ್ನೇಹಲ ಬೀದರಿನ ಜೈಲಿನಲ್ಲಿದ್ದಳು. ಅವಳು ಉಣಿಸಿದ್ದನ್ನು ಕಂಡವರು ಯಾರೂ ಇರಲಿಲ್ಲ, ಹೆಣದ ತಪಾಸಣೆಯೂ ವಿಷವನ್ನು ಖಚಿತಪಡಿಸಿರಲಿಲ್ಲ. ಕೇಸು ನಿಂತದ್ದು ಅಂಬುಬಾಯಿ ತನ್ನ ಕೈಯಾರೆ ತೆಗೆದ ಒಂದು ಇಸಿಜಿ ಪಟ್ಟಿಯ ಮೇಲೆ. ತೀರ್ಪು ಬರುವ ಶುಕ್ರವಾರ. ಇವತ್ತು ಮಂಗಳವಾರ.

"ನಿನ್ನಿ ಜೈಲಿಗಿ ಹೋಗಿದ್ದೆ," ಅಂದಳು ಮುಕ್ತಾಬಾಯಿ. "ಸೊಸಿ ಏನಂದ್ಳು ಗೊತ್ತೇನು? 'ಅತ್ತಿ, ಶುಕ್ರವಾರ ಜಡ್ಜ ಸಾಹೇಬ್ರ ಮುಂದ ನಾನೇ ಹಾಕೀನಿ ಅಂತ ಒಪ್ಕೊಂಡುಬಿಡ್ತೀನಿ. ನನಗ ಸಾಕಾಗ್ಯಾದ' ಅಂದ್ಳು."

"ಹಂಗ್ಯಾಕ ಅಂದ್ಳು?"

"ಕೂಸು ಹೋದಾಗಿಂದ ಅಕಿ ಹಂಗೇ. ಹುಟ್ಟಿ ಹನ್ನೊಂದ ದಿನಾ ಇತ್ತು. ಜೈಲಿನಾಗ ಹುಟ್ಟಿದ ಕೂಸು ಜೈಲಿನಾಗೇ ಹೋತು. ನನ್ನ ಮಗನ ಮೂಗು ಇತ್ತಂತ ಅದಕ್ಕ. ನಾ ಹೋಗೂದ್ರೊಳಗ ಮಣ್ಣು ಮಾಡಿದ್ರು."

ಅದು ಫೆಬ್ರವರಿಯ ಮಾತು. ಅಂಬುಬಾಯಿ ತಲೆ ತಗ್ಗಿಸಿ ಮತ್ತೆ ಬುಗ್ಗೆ ತಿಕ್ಕತೊಡಗಿದಳು. ತೊಳೆದಾಗಿತ್ತು, ಆದರೂ ತಿಕ್ಕಿದಳು.

"ಸೊಸಿ ಬಾಯಿ ಜೋರಿನಾಕಿ," ಮುದುಕಿ ತನ್ನಷ್ಟಕ್ಕೆ ಹೇಳುತ್ತ ಹೋದಳು. "ನನಗೂ ಬಿಟ್ಟಿಲ್ಲ, ಗಂಡಗೂ ಬಿಟ್ಟಿಲ್ಲ. ಸಾಯೋ ಹಿಂದಿನ ದಿನಾ ಒಂದು ಬಕೀಟಿನ ಸಲುವಾಗಿ ಓಣಿ ತುಂಬ ಒದರ್ಯಾಳ. ಅದನ್ನೇ ಪೊಲೀಸರು ಬರ್ಕೊಂಡ್ರು. ಮನಿ ಮುಂದ ಕಣಗಿಲ ಗಿಡ ಅದ ಅಂತ ಬರ್ಕೊಂಡ್ರು. ಕಣಗಿಲ ಯಾರ ಮನಿ ಮುಂದ ಇಲ್ಲ ಬಾಯಿ? ನಾ ಹೇಳಿದ ಒಂದು ಮಾತು ಮಾತ್ರ ಯಾರೂ ಬರ್ಕೊಳ್ಳಲಿಲ್ಲ."

"ಯಾವ ಮಾತು?"

ಮುಕ್ತಾಬಾಯಿ ತನ್ನ ಬಲಗೈ ಹೆಬ್ಬೆರಳನ್ನು ಎತ್ತಿ ತೋರಿಸಿದಳು.

"ಮೈ ತೊಳಿಯೋವಾಗ ಕಂಡಿದ್ದು. ಇಲ್ಲೊಂದು ಕಲೆ. ತೊಗರಿ ಬ್ಯಾಳಿ ಅಷ್ಟು. ಕರ್ರಗ ಸುಟ್ಟು ನಡುವ ಕುಣಿ ಬಿದ್ದಿತ್ತು. ಬೀಡಿ ಸುಟ್ಟಿರಬೇಕು ಅಂದ್ರು ಪೊಲೀಸರು. ನನ್ನ ಮಗ ಬೀಡಿ ಮುಟ್ಟಿದಾಂವಲ್ಲ."

"ಆ ದಿನಾ ಮುಂಜಾನಿ ಅಂವ ಎಲ್ಲಿದ್ದ ಅಕ್ಕಾ?"

"ಬಸವಣಪ್ಪ ಸಾವಕಾರ್ರ ಹೊಲದಾಗ. ಮೋಟಾರ ಚಾಲೂ ಮಾಡಾಕ ಹೋದಾಂವ ಅಲ್ಲೇ ಬಿದ್ದ. ಅದೇ ಹೊತ್ತಿಗಿ ಸಾವಕಾರ್ರಿಗೂ ಎದಿ ಗಾಬರಿ ಆಗಿತ್ತಂತ. ಇಬ್ರನ್ನೂ ಒಂದೇ ಜೀಪಿನಾಗ ಹಾಕ್ಕೊಂಡು ಸಾವಕಾರ್ರ ಅಳಿಯನ ಈ ದವಾಖಾನಿಗಿ ತಂದ್ರು. ಸಾವಕಾರ್ರು ಮುಂದಿನ ಸೀಟಿನಾಗ. ನನ್ನ ಮಗ ಹಿಂದ, ಗೊಬ್ಬರ ಚೀಲದ ಮ್ಯಾಲ."

ಮೋಟಾರು. ಮಳೆಗೆ ನೆನೆದ ನೆಲ. ಹೆಬ್ಬೆರಳಿನಲ್ಲಿ ಬೇಳೆಯಷ್ಟು ಸುಟ್ಟ ಕುಳಿ.

ಅಂಬುಬಾಯಿ ಐದನೆಯ ಬುಗ್ಗೆಯನ್ನು ನೀರಿನಲ್ಲಿಯೇ ಬಿಟ್ಟು ಎದ್ದಳು. ಸಂಘರತ್ನನಿಗೆ ಯಾರೂ ವಿಷ ಉಣಿಸಿರಲಿಲ್ಲ. ಅವನನ್ನು ಕೊಂದದ್ದು ಕರೆಂಟು. ಪಟ್ಟಿ ಅವನದಲ್ಲವೆಂಬುದು ಅವಳಿಗೆ ಸಂಕ್ರಾಂತಿಯಿಂದಲೇ ಗೊತ್ತಿತ್ತು.

ಹದಿನಾಲ್ಕು ವರ್ಷದ ಹಿಂದೆ, ಗಂಡ ಸತ್ತು ಕೆಲಸ ಕೇಳಿಕೊಂಡು ಬಂದ ಅಂಬುಬಾಯಿಗೆ ಡಾಕ್ಟರ್ ಸಂಜೀವಕುಮಾರರು ಮೊದಲು ಕೊಟ್ಟದ್ದು ಕಸಬರಿಗೆ. ಮೂರನೆಯ ವರ್ಷ ಇಸಿಜಿ ಮಶೀನು ಬಂತು. ಅದನ್ನು ನಡೆಸಲು ಬಂದ ಹುಡುಗರು ಯಾರೂ ನಿಲ್ಲಲಿಲ್ಲ. ಕಡೆಗೆ ಡಾಕ್ಟರು ಇವಳನ್ನೇ ಕರೆದು ಕೂಡಿಸಿ, ಪಟ್ಟಿಯೊಂದನ್ನು ಮೇಜಿನ ಮೇಲೆ ಹಾಸಿ ಕಲಿಸಿದ್ದರು.

"ನೋಡ್ರಿ ಅಂಬುಬಾಯಿ. ಹೃದಯಕ್ಕ ಮ್ಯಾಲ ಎರಡು, ಕೆಳಗ ಎರಡು ಖೋಲಿ. ಮ್ಯಾಲಿನ ಬಲಖೋಲಿ ಮೂಲ್ಯಾಗ ಒಂದು ಸಣ್ಣ ಜಾಗಾ ಅದ. ಕರೆಂಟು ಹುಟ್ಟೋದು ಅಲ್ಲಿ. ಮೊದಲ ಮ್ಯಾಲಿನ ಖೋಲಿ ಹಿಂಡ್ತಾವ, ಅದು ಈ ಸಣ್ಣ ಉಬ್ಬು. ಕರೆಂಟು ನಡುವ ಚೂರು ತಡೀತದ, ಕೆಳಗ ರಕ್ತ ತುಂಬಲಿ ಅಂತ. ಆಮ್ಯಾಲ ಕೆಳಗಿನ ಖೋಲಿ ಹಿಂಡ್ತಾವ, ಅದು ಈ ಎತ್ತರದ ಗೋಪುರ. ಕಡೀಕ ಈ ದಿಬ್ಬ. ಅಂದ್ರ ಹೃದಯ ಸುಧಾರಿಸ್ಕೊಂಡು ಮುಂದಿನ ಬಡಿತಕ್ಕ ತಯಾರಾಗಾಕತ್ತದ ಅಂತ."

ಉಬ್ಬು, ಗೋಪುರ, ದಿಬ್ಬ. ಹುಟ್ಟಿದಾಗಿನಿಂದ ಸಾಯುವವರೆಗೆ ಅದೇ ಸಾಲು. ಅವಳಿಗೆ ಅದು ಬೀಸುವ ಕಲ್ಲಿನ ಹಾಡಿನಂತೆ ಬಾಯಿಪಾಠವಾಗಿ ಹೋಗಿತ್ತು.

ಆ ಮಿರಗದ ದಿನ ಜೀಪು ಬಂದಾಗ ಮೊದಲು ಒಳಗೆ ಬಂದವರು ಬಸವಣಪ್ಪ ಸಾವಕಾರರು. ಕಲ್ಯಾಣದಲ್ಲಿ ಬಟ್ಟೆ ಅಂಗಡಿ, ಮೋರಖಂಡಿಯಲ್ಲಿ ಹೊಲ, ಡಾಕ್ಟರರ ಹೆಂಡತಿ ಪೂನಂಗೆ ತಂದೆ. ಮೈಯೆಲ್ಲ ಬೆವರು, ಮುಖ ಬೂದಿಯಾಗಿತ್ತು. ಅಂಬುಬಾಯಿ ನೀರಿನ ಲೋಟ ಚಾಚಿದರೆ ಆ ಸ್ಥಿತಿಯಲ್ಲೂ ಅವರು ಮುಖ ತಿರುಗಿಸಿದ್ದರು.

"ಬ್ಯಾಡವ್ವಾ. ಕೊರಳಾಗ ಲಿಂಗ ಇಲ್ಲದವರ ಕೈ ನೀರ ನಾ ಕುಡ್ಯಂಗಿಲ್ಲ. ಎಪ್ಪತ್ತು ವರ್ಷ ಕುಡಿದಿಲ್ಲ."

ಎದೆಯ ಮೇಲೆ ಬುಗ್ಗೆ ಹಚ್ಚಬೇಕೆಂದರೆ ಅಲ್ಲಿ ಬೆಳ್ಳಿಯ ಕರಡಿಗೆ, ಅದರೊಳಗೆ ಇಷ್ಟಲಿಂಗ. ಚೂರು ಸರಿಸಿ ಅಂದರೆ ಒಪ್ಪಲಿಲ್ಲ. ತಾವೇ ಕರಡಿಗೆಯನ್ನು ಎಡಗೈಯ ಅಂಗೈಯಲ್ಲಿಟ್ಟುಕೊಂಡು, ಪೂಜೆಗೆ ಹಿಡಿದ ಹಾಗೆ ಎತ್ತಿ ಹಿಡಿದರು. ಕೈಕಾಲುಗಳಿಗೂ ಕ್ಲಿಪ್ಪು ಹಚ್ಚಿ ಅವಳು ಐದು ನಿಮಿಷ ಮಶೀನು ಓಡಿಸಿದಳು. ಐದೂ ನಿಮಿಷ ಆ ಮುದಿ ಕೈ ಗಾಳಿಗೆ ಸಿಕ್ಕ ಎಲೆಯಂತೆ ನಡುಗುತ್ತಲೇ ಇತ್ತು, ಆದರೆ ಇಳಿಯಲಿಲ್ಲ.

ಅದರ ಬೆನ್ನಿಗೇ ಸಂಘರತ್ನನನ್ನು ಹೊತ್ತು ತಂದರು. ಎಚ್ಚರವಿರಲಿಲ್ಲ. ಕೈ ಎತ್ತಿ ಬಿಟ್ಟರೆ ಮಂಚದ ಆಚೆ ಜೋತು ಬೀಳುತ್ತಿತ್ತು. ಪಟ್ಟಿ ತೆಗೆದ ತಾಸಿನೊಳಗೆ ಅವನು ತೀರಿಕೊಂಡ.

ಆ ಮಶೀನು ಹೆಸರು ಬರೆಯುವಂಥದಲ್ಲ. ಪಟ್ಟಿ ಹರಿದ ಕೂಡಲೇ ಪೆನ್ನಿನಿಂದ ಹೆಸರು ಹಾಕಬೇಕು. ಅಂಬುಬಾಯಿ ಹಾಕುತ್ತಿರಲಿಲ್ಲ. ಕೈಗೆ ಜೆಲ್ಲಿ ಮೆತ್ತಿರುತ್ತದೆ, ಪೆನ್ನು ಜಾರುತ್ತದೆ ಎಂದು ಎಲ್ಲ ಪಟ್ಟಿಗಳನ್ನೂ ಗೋಡೆಯ ಮೊಳೆಗೆ ಸಿಕ್ಕಿಸಿ, ಕೈ ತೊಳೆದ ಮೇಲೆ ಒಟ್ಟಿಗೆ ಬರೆಯುವುದು ಅವಳ ರೂಢಿ. ಮೇಲಿನದು ಕಡೆಯದು, ಕೆಳಗಿನದು ಮೊದಲನೆಯದು. ವರ್ಷಗಟ್ಟಲೆ ತಪ್ಪಿರಲಿಲ್ಲ. ಆ ದಿನ ಗಡಿಬಿಡಿಯಲ್ಲಿ ಡಾಕ್ಟರು ಎರಡನ್ನೂ ಮೊಳೆಯಿಂದ ಕಿತ್ತು ನೋಡಿ ಮೇಜಿನ ಮೇಲೆ ಬಿಟ್ಟಿದ್ದರು.

"ಸಾಹೇಬ್ರ, ಯಾವುದು ಯಾರದ್ರಿ?" ಎಂದು ಅವಳು ಕೇಳಿದ್ದಳು.

"ಕೆಟ್ಟದ್ದು ಸತ್ತಾಂವಂದು, ಛಲೋದು ಬದುಕಿದವರದು. ಇದ್ರಾಗ ಕೇಳೋದೇನದ? ಬರೀರಿ."

ಅವಳು ಬರೆದಿದ್ದಳು.

ಸಂಕ್ರಾಂತಿಯ ಹಿಂದಿನ ದಿನ ಸಾಕ್ಷಿಗೆಂದು ಬೀದರಿನ ಕೋರ್ಟಿಗೆ ಕರೆದು, ಪ್ಲಾಸ್ಟಿಕ್ಕಿನ ಹಾಳೆಯಲ್ಲಿ ಹಾಕಿಟ್ಟ ಪಟ್ಟಿಯನ್ನು ತೋರಿಸಿದರು. ನೀವೇ ತೆಗೆದದ್ದೇ? ಹೌದ್ರಿ. ಹೆಸರು ನೀವೇ ಬರೆದದ್ದೇ? ಹೌದ್ರಿ. ಎರಡೂ ಖರೆಯೇ. ಅಷ್ಟು ಹೇಳಿ ಕೆಳಗೆ ಇಳಿಯುವಾಗ ಅವಳ ಕಣ್ಣು ಮತ್ತೊಮ್ಮೆ ಪಟ್ಟಿಯ ಮೇಲೆ ಹೋಯಿತು. ಉಬ್ಬುಗಳು ತಮ್ಮ ಅಳತೆಯಲ್ಲಿ ಬೇಗ ಬೇಗ ಹೋಗುತ್ತಿದ್ದವು. ಗೋಪುರಗಳು ಬೇರೊಂದು ಅಳತೆಯಲ್ಲಿ, ದೂರ ದೂರ ನಿಂತಿದ್ದವು. ಒಂದೇ ಮನೆಯಲ್ಲಿದ್ದು ಮಾತು ಬಿಟ್ಟ ಅತ್ತೆ ಸೊಸೆಯರ ಹಾಗೆ, ಮೇಲಿನ ಖೋಲಿಗೂ ಕೆಳಗಿನ ಖೋಲಿಗೂ ಸಂಬಂಧವೇ ಇರಲಿಲ್ಲ. ಕಣಗಿಲ ವಿಷ ಹೃದಯಕ್ಕೆ ಮಾಡುವುದು ಅದನ್ನೇ ಎಂದು ಡಾಕ್ಟರು ಕೋರ್ಟಿಗೆ ಹೇಳಿದ್ದರು.

ಅವಳ ಕಣ್ಣು ನಿಂತದ್ದು ಅದರ ಮೇಲಲ್ಲ. ಮೊದಲನೆಯ ಸಾಲಿನ ಅಂಚು ಗರಗಸದ ಹಲ್ಲಿನಂತೆ ನಡುಗಿತ್ತು. ಮೂರನೆಯದೂ ಹಾಗೆಯೇ. ನಡುವಿನ ಎರಡನೆಯ ಸಾಲು ಮಾತ್ರ ನೀರಿನಂತೆ ತಿಳಿಯಾಗಿತ್ತು.

ಆ ರಾತ್ರಿಯೇ ಅವಳು ಜಡ್ಜ ಸಾಹೇಬರಿಗೆ ಕಾಗದ ಬರೆದಳು. ಬರೆದು ಎರಡು ತಿಂಗಳಾಗಿತ್ತು. ಹಾಕಲು ಹೋಗಿ ಮೂರು ಸಲ ತಿರುಗಿ ಬಂದಿದ್ದಳು. ಅನ್ನ ಕೊಟ್ಟವರು, ವಿದ್ಯೆ ಕೊಟ್ಟವರು, ಅವರ ಮಾವನ ಹೆಸರು. ನಾಳೆ ನೋಡೋಣ, ಸೋಮವಾರ ನೋಡೋಣ. ಹೃದಯಕ್ಕೂ ಅಂಥದೊಂದು ಗಳಿಗೆ ಇದೆಯೆಂದು ಡಾಕ್ಟರೇ ಹೇಳಿದ್ದರು. ಒಮ್ಮೆ ಬಡಿದ ಕೂಡಲೇ, ಎಷ್ಟು ಕರೆದರೂ ಓಗೊಡದ ಗಳಿಗೆ. ಹೃದಯಕ್ಕಾದರೆ ಅದು ಕಣ್ಣು ಮಿಟುಕಿಸುವಷ್ಟು ಹೊತ್ತು. ಅವಳದು ಎರಡು ತಿಂಗಳು ಹಿಡಿದಿತ್ತು. ಅಷ್ಟರಲ್ಲಿ ಜೈಲಿನಲ್ಲಿ ಒಂದು ಕೂಸು ಹುಟ್ಟಿ, ಸತ್ತೂ ಹೋಗಿತ್ತು.

"ಅಕ್ಕಾ, ನೀ ಇಲ್ಲೇ ಕೂಡು," ಅಂದಳು ಅಂಬುಬಾಯಿ.

ಮಶೀನಿನ ಹಿಂದೆ ಜೆಲ್ಲಿಯ ಖಾಲಿ ಡಬ್ಬಿಯೊಂದಿತ್ತು. ಕಾಗದ ಇದ್ದದ್ದು ಅದರಲ್ಲಿ. ಮುಚ್ಚಳ ತೆಗೆದವಳು ಹಾಗೆಯೇ ನಿಂತಳು.

ಕಾಗದ ಇತ್ತು. ಮಡಿಕೆ ಅವಳದಾಗಿರಲಿಲ್ಲ.

ಅವಳು ಮಡಚುವುದು ಅರ್ಧಕ್ಕೆ ಅರ್ಧ, ರೊಟ್ಟಿ ಮಡಚಿದ ಹಾಗೆ. ಈಗ ಅದು ಸೀರೆಯ ನಿರಿಗೆಯಂತೆ, ಒಂದು ಮಡಿಕೆ ಈಚೆ ಒಂದು ಆಚೆ ಕೂತಿತ್ತು. ಇಸಿಜಿ ಪಟ್ಟಿ ಮಡಚುವುದು ಹಾಗೆ. ಈ ದವಾಖಾನೆಯಲ್ಲಿ ಆ ಕೈರೂಢಿ ಇದ್ದವರು ಮೂವರು. ಒಬ್ಬಳು ತಾನು, ಇನ್ನೊಬ್ಬರು ಡಾಕ್ಟರು. ಸಂಜೆ ಹೊತ್ತು ಬಂದು ಫೈಲು ಜೋಡಿಸಿ ಕೊಡುತ್ತಿದ್ದ ಡಾಕ್ಟರರ ಹೆಂಡತಿ ಪೂನಂ ಮೂರನೆಯವಳು.

ಕಾಗದವನ್ನು ಕುಪ್ಪಸದೊಳಗೆ ಸೇರಿಸಿ, ಅಂಬುಬಾಯಿ ಡಾಕ್ಟರರ ಕೋಣೆಗೆ ಹೋದಳು. ಕಪಾಟಿನಲ್ಲಿ ಹೋದ ವರ್ಷದ ಜೂನ್ ತಿಂಗಳ ಗಂಟು. ಬಸವಣಪ್ಪ ಸಾವಕಾರರ ಫೈಲು ಸಿಕ್ಕಿತು. ಬಿಪಿ ಬರೆದದ್ದು, ಗುಳಿಗೆ ಬರೆದದ್ದು ಎಲ್ಲ ಇತ್ತು. ಪಟ್ಟಿ ಇರಬೇಕಾದ ಕಡೆ ಪಿನ್ನಿನ ಎರಡು ತೂತು ಮಾತ್ರ ಉಳಿದಿದ್ದವು. ಸಂಘರತ್ನನ ಹೃದಯ ಕಡೆಯದಾಗಿ ಬರೆದಿಟ್ಟ ಮಾತು, ಸಾವಕಾರರ ಹೆಸರು ಹೊತ್ತು ಅಲ್ಲಿ ಇರಬೇಕಿತ್ತು.

"ಏನು ಹುಡಕಾಕತ್ತೀರಿ ಅಂಬುಬಾಯಿ?"

ಡಾಕ್ಟರು ಊಟ ಮುಗಿಸಿ ಬಂದಿದ್ದರು. ಕೈ ಒರೆಸಿಕೊಳ್ಳುತ್ತಿದ್ದ ಕರವಸ್ತ್ರ ಇನ್ನೂ ಕೈಯಲ್ಲಿತ್ತು.

"ಸಾವಕಾರ್ರ ಪಟ್ಟಿ, ಸಾಹೇಬ್ರ."

"ಅವತ್ತು ಉಳದ್ರೂ ತಿಂಗಳೊಳಗ ತೀರಿಕೊಂಡ್ರು. ಅವರು ಹೋಗಿ ಎಂಟು ತಿಂಗಳಾತು. ಈಗ್ಯಾಕ ಅವರ ಪಟ್ಟಿ?"

"ಅದು ಅವರದಲ್ರಿ. ಅದು ಸಂಘರತ್ನಂದು. ಕೋರ್ಟಿನಾಗ ಇದ್ದದ್ದು ಸಾವಕಾರ್ರದು."

ಡಾಕ್ಟರು ಬಾಗಿಲು ಮುಚ್ಚಿದರು. ಕುರ್ಚಿಗೆ ಬಂದು ಕೂತು, ಎದುರಿನ ಸ್ಟೂಲು ತೋರಿಸಿದರು. ಅವಳು ಕೂಡಲಿಲ್ಲ.

"ಯಾರು ಹೇಳಿದ್ರು?"

"ಪಟ್ಟಿನೇ ಹೇಳ್ತು. ನೀವೇ ಕಲಿಸೀರಲ್ರಿ. ಒಂದನೇ ಸಾಲಿಗಿ ಎರಡೂ ಕೈ. ಎರಡನೇ ಸಾಲಿಗಿ ಬಲಗೈ, ಎಡಗಾಲು. ಮೂರನೇ ಸಾಲಿಗಿ ಎಡಗೈ, ಎಡಗಾಲು. ಒಂದನೇದು ನಡಗ್ಯಾದ, ಮೂರನೇದು ನಡಗ್ಯಾದ. ಎಡಗೈ ಇಲ್ಲದ ಎರಡನೇದು ಸಾಫ್ ಅದ. ಅಂದ್ರ ನಡಗಿದ್ದು ಎಡಗೈ ಒಂದೇ. ಖಬರಿಲ್ಲದ ಬಿದ್ದಾಂವನ ಕೈ ಹ್ಯಾಂಗ ನಡಗ್ತದರಿ? ಆ ದಿನಾ ಎಡಗೈ ಎತ್ತಿ ಹಿಡಿದವರು ಒಬ್ರೇ."

"ಲಿಂಗ," ಅಂದರು ಡಾಕ್ಟರು. ಆ ಮಾತು ಅವರ ಬಾಯಿಂದ ತಾನಾಗಿಯೇ ಜಾರಿತ್ತು.

ಫ್ಯಾನು ಕಿರುಗುಟ್ಟುತ್ತಿತ್ತು. ಹೊರಗೆ ಚಿಟಗುಪ್ಪದ ಬಸ್ಸು ಹಾರ್ನು ಹೊಡೆಯುತ್ತ ಹೋಯಿತು.

"ವಯಸ್ಸಾದವರಿಗಿ ವಿಷ ಇಲ್ಲದೇನೂ ಹಂಗ ಆಗ್ತದ, ಅಂಬುಬಾಯಿ. ಒಳಗಿನ ತಂತಿ ಸವೀತದ."

"ಹೌದಲ್ರಿ? ಹಂಗಿದ್ರ ಹಂಗೇ ಹೇಳಿಬಿಡ್ರಿ ಕೋರ್ಟಿಗಿ. ಪಟ್ಟಿ ನಮ್ಮ ಮಾವಂದು, ಮುದುಕರು, ತಂತಿ ಸವದಿತ್ತು, ಹೆಸರು ಅದಲಬದಲಾಗ್ಯಾದ ಅಂತ. ತಪ್ಪು ನಂದು ಅಂತ ಬೇಕಾದ್ರ ಹೇಳ್ರಿ. ನನಗ ಸಜಾ ಆಗ್ಲಿ. ಆ ಪೋರಿ ಹೊರಗ ಬರ್ತಾಳ."

ಡಾಕ್ಟರು ಕರವಸ್ತ್ರವನ್ನು ಮಡಚಿದರು, ಬಿಚ್ಚಿದರು. ಅವರು ತಲೆ ಎತ್ತಿದಾಗ ದನಿ ಬದಲಾಗಿತ್ತು. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಅವಳನ್ನು ಏಕವಚನದಲ್ಲಿ ಕರೆದರು.

"ನಿನಗೇನು ತಿಳೀತದ? ಆ ಮುಂಜಾನಿ ನಮ್ಮ ಮಾವ ಹೊಲದಾಗ ಕಷಾಯ ಕುಡದಿದ್ರು. ಕಾಸಿ ಕೊಟ್ಟಾಕಿ ಯಾರು? ಅದೇ ಸ್ನೇಹಲ. ನೀ ಆ ಕಾಗದಾ ಕಳಿಸಿದ್ರ ಅಕಿ ಗಂಡನ ಖೂನಿಂದ ಬಿಟ್ಟು ನಮ್ಮ ಮಾವನ ಖೂನಿನಾಗ ಸಿಗ್ತಾಳ. ಕಳಿಸು. ಕಳಿಸಿ ನೋಡು."

ಅಂಬುಬಾಯಿಗೆ ಕುಪ್ಪಸದೊಳಗಿನ ಕಾಗದ ಎದೆಗೆ ಚುಚ್ಚಿದಂತಾಯಿತು. ಕಾಗದದ ಮಾತನ್ನು ಅವಳು ಎತ್ತಿರಲೇ ಇಲ್ಲ.

ಆದರೆ ಅದಕ್ಕಿಂತ ದೊಡ್ಡದೊಂದು ಮಾತು ಅವಳ ಮುಂದೆ ಬಿದ್ದಿತ್ತು.

"ಸಾಹೇಬ್ರ," ಅಂದಳು ಮೆಲ್ಲಗೆ. "ಸಾಯೋ ಹಂಗಾಗಿದ್ರೂ ಸಾವಕಾರ್ರು ನನ್ನ ಕೈ ನೀರ ಕುಡೀಲಿಲ್ಲ. ಲಿಂಗ ಇಲ್ಲದವರ ಕೈದು ಎಪ್ಪತ್ತು ವರ್ಷ ಮುಟ್ಟಿಲ್ಲ ಅಂದ್ರು. ಅಂಥವರು ಮುಕ್ತಾಬಾಯಿ ಸೊಸಿ ಕಾಸಿದ ಕಷಾಯ ಕುಡದ್ರೇನು? ಅಕಿನ್ನ ಪಡಸಾಲಿ ಮೆಟ್ಟಲಾ ಹತ್ತಗೊಡದವರು?"

ಡಾಕ್ಟರು ಕರವಸ್ತ್ರವನ್ನು ಮೇಜಿನ ಮೇಲೆ ಇಟ್ಟರು.

"ಅವರಿಗಿ ಕಷಾಯ ಕೊಟ್ಟವರ ಕೊರಳಾಗ ಲಿಂಗ ಇತ್ತು. ಮನಿಯವರೇ ಯಾರೋ."

ಡಾಕ್ಟರರ ಮುಖದ ಮೇಲಿನ ಸಿಟ್ಟು ಇಳಿದು ಹೋಗಿ, ಅದರ ಕೆಳಗಿನಿಂದ ಎಷ್ಟೋ ತಿಂಗಳು ನಿದ್ದೆ ಕಾಣದ ಒಬ್ಬ ಮುದುಕ ಹೊರಗೆ ಬಂದಂತೆ ಕಂಡಿತು. ಅವರಿಗೆ ಇನ್ನೂ ನಲವತ್ತಾರು.

"ಅಂಬುಬಾಯಿ," ಅಂದರು. "ನನಗ ಇಬ್ರು ಸಣ್ಣ ಹೆಣ್ಣಮಕ್ಕಳು. ನಿಮ್ಮ ಕೈಯಾಗೇ ಬೆಳದಾರ. ಅವಕ್ಕ ತಾಯಿ ಬೇಕು."

ಯಾರ ತಪ್ಪನ್ನು ಮುಚ್ಚಲು ಈ ಮನುಷ್ಯ ಹೀಗೆ ಸುಟ್ಟುಹೋಗಿದ್ದಾನೆ ಎಂಬುದು ಅವಳಿಗೆ ಆಗ ಹೊಳೆಯಿತು. ಪೂನಂ. ಹಬ್ಬಕ್ಕೆ ತನಗೆ ತಪ್ಪದೆ ಸೀರೆ ತರುವವಳು. ತಂದೆಯ ಮಾತು ಬಂದರೆ ಸುಮ್ಮನೆ ಎದ್ದು ಹೋಗುವವಳು. ಯಾಕೆ, ಏನು, ಅಂಬುಬಾಯಿಗೆ ತಿಳಿಯಲಿಲ್ಲ. ತಿಳಿಯುವುದೂ ಬೇಡವಾಗಿತ್ತು.

"ಸ್ನೇಹಲನ ಕೂಸಿಗೂ ತಾಯಿ ಬೇಕಿತ್ರಿ," ಅಂದಳು.

ಕಪಾಟಿನ ಕೀಲಿ, ಮಶೀನು ಕೋಣೆಯ ಕೀಲಿ, ಎರಡನ್ನೂ ಮೇಜಿನ ಮೇಲಿಟ್ಟಳು. ಬಾಗಿಲು ತೆರೆಯುವಾಗ ಹಿಂದಿನಿಂದ ದನಿ ಬಂತು.

"ಆ ಪಟ್ಟಿ ಅಳಿಸಾಕತ್ತದ. ಪ್ಲಾಸ್ಟಿಕ್ಕಿನಾಗ ಹಾಕಿಟ್ಟಾರ. ಶುಕ್ರವಾರದ ತನಕ ನಿಮ್ಮ ನಡುಕ ಯಾರ ಕಣ್ಣಿಗೂ ಕಾಣಂಗಿಲ್ಲ. ನಿಮ್ಮ ಮಾತು ಯಾರು ನಂಬ್ತಾರ?"

ಅದು ಬೆದರಿಕೆಯೋ, ಬೇಡಿಕೆಯೋ ಗೊತ್ತಾಗಲಿಲ್ಲ. ಆದರೆ ಸುಳ್ಳಂತೂ ಅಲ್ಲ. ಆ ಕಾಗದ ಬಿಸಿಲಿಗೆ, ಪ್ಲಾಸ್ಟಿಕ್ಕಿಗೆ ತಡೆಯುವುದಿಲ್ಲ. ಜನವರಿಯಲ್ಲಿಯೇ ಗೆರೆಗಳು ಕಂದಿದ್ದವು. ಈಗ ಮಾರ್ಚಿನ ಬಿಸಿಲು.

ಹೊರಗೆ ಬಂದಾಗ ಮುಕ್ತಾಬಾಯಿ ಹೊಸ್ತಿಲ ಮೇಲೆ ಇರಲಿಲ್ಲ. ಒಳಗೆ ಕುಕ್ಕರುಗಾಲಲ್ಲಿ ಕೂತು, ನೀರಿನಲ್ಲಿ ಬಿಟ್ಟಿದ್ದ ಎರಡು ಬುಗ್ಗೆಗಳನ್ನು ತನ್ನ ಸೆರಗಿನಿಂದ ಒರೆಸುತ್ತಿದ್ದಳು.

"ಇರ್ಲಿ ಅಂತ ಒರಸಿದೆ," ಅಂದಳು. "ನಾಳಿ ಯಾರ ಮಗನ ಎದಿಗೋ ಹಚ್ಚಬೇಕಲ್ಲ."

ಅಂಬುಬಾಯಿ ಅವಳ ಮುಖ ನೋಡಲಾರದೆ, "ಬಾ ಅಕ್ಕಾ, ಟಪಾಲ ಆಫೀಸಿಗಿ ಹೋಗೂಣು," ಅಂದಳು.

ಹಳ್ಳಿಖೇಡದ ಕಡೆ ಹೋಗುವ ಕಬ್ಬಿನ ಟ್ರ್ಯಾಕ್ಟರುಗಳು ರಸ್ತೆ ತುಂಬ ನಿಂತಿದ್ದವು. ಬಿದ್ದ ಗಣಿಕೆಗಳನ್ನು ದನ ಮೆಲ್ಲುತ್ತಿದ್ದವು. ಒಂಬತ್ತು ತಿಂಗಳು ಈ ಊರಿನಲ್ಲಿ ಏನೂ ನಿಂತಿರಲಿಲ್ಲ.

ಟಪಾಲು ಆಫೀಸಿನ ಕಿಂಡಿಯಲ್ಲಿ ಹೊಸಬ ಕೂತಿದ್ದ. ಪಂಡರಿ ಎಂದು ಹೆಸರು, ಭಾಲ್ಕಿಯಿಂದ ಬದಲಿಯಾಗಿ ಬಂದು ವಾರವಾಗಿತ್ತು.

"ರಜಿಸ್ಟ್ರಿ ಮಾಡ್ಬೇಕ್ರಿ."

"ಐದು ಮಿನಿಟಿನಾಗ ಚೀಲ ಕಟ್ಟತೀನಿ. ಜಲ್ದಿ ಕೊಡ್ರಿ. ಹೆಣ್ಣಮಕ್ಕಳು ಟಪಾಲಕ್ಕೂ ಬಸ್ಸಿಗೂ ಕಡೀ ಗಳಿಗ್ಯಾಗೇ ಬರ್ತಾರ ನೋಡ್ರಿ."

ಅವಳು ಕಾಗದ ಬಿಚ್ಚಿದಳು. ದಾರ ಕಟ್ಟಿದ ಪೆನ್ನು ಕಿಂಡಿಗೆ ಜೋತಿತ್ತು. ಎಡಗೈಯಿಂದ ಕಾಗದವನ್ನು ಒತ್ತಿ ಹಿಡಿದು, ಎರಡು ತಿಂಗಳ ಹಿಂದಿನ ಬರಹದ ಕೆಳಗೆ ಮೂರು ಸಾಲು ಸೇರಿಸಿದಳು.

ಪಟ್ಟಿ ಅಳಿಸುವ ಮೊದಲು ಒಂದನೆಯ, ಎರಡನೆಯ, ಮೂರನೆಯ ಸಾಲುಗಳನ್ನು ಬೇರೆ ಡಾಕ್ಟರಿಂದ ನೋಡಿಸಬೇಕು. ಸಂಘರತ್ನನ ಬಲಗೈ ಹೆಬ್ಬೆರಳಿನಲ್ಲಿ ಕರೆಂಟು ಸುಟ್ಟ ಕಲೆ ಇತ್ತು, ಅವನ ತಾಯಿ ಕಂಡಿದ್ದಾಳೆ. ಬಸವಣಪ್ಪ ಸಾವಕಾರರನ್ನು ಸುಟ್ಟಿಲ್ಲ, ಅವರ ಹೊಲದಲ್ಲಿ ಕೂಡಿಸಿ ಮಣ್ಣು ಮಾಡಿದ್ದಾರೆ, ಈಗಲೂ ಇದ್ದಾರೆ, ತೆಗೆಸಿ ವಿಷ ಇದೆಯೋ ನೋಡಬಹುದು.

ಕಡೆಯ ಸಾಲು ಬರೆಯುವಾಗ, ಕತ್ತಲ ಮಣ್ಣಿನೊಳಗೆ ಅಂಗೈಯಲ್ಲಿ ಲಿಂಗ ಹಿಡಿದು ಕೂತ ಮುದುಕ ಕಣ್ಣಿಗೆ ಕಟ್ಟಿದ. ಆ ಕೈ ಈಗ ನಡುಗುತ್ತಿರಲಾರದು.

ಲಕೋಟೆಗೆ ಅಂಟು ಹಚ್ಚಿ, ಬೀದರ ಕೋರ್ಟಿನ ಜಡ್ಜ ಸಾಹೇಬರ ವಿಳಾಸ ಬರೆದು, ಹಿಂದೆ ತನ್ನ ಹೆಸರು ಬರೆದು ಕಿಂಡಿಯೊಳಗೆ ಸರಿಸಿದಳು. ಪಂಡರಿ ಟಿಕೇಟು ಹಚ್ಚಿದ. ಠಸ್ಸೆ ಎತ್ತಿ ಒಮ್ಮೆ ಹೊಡೆದ, ಇನ್ನೊಮ್ಮೆ ಹೊಡೆದ. ಲಕೋಟೆಯನ್ನು ಚೀಲಕ್ಕೆ ಹಾಕಿ, ರಸೀದಿ ಬರೆಯಲು ಹೆಸರು ನೋಡಿದವನು ಹುಬ್ಬು ಗಂಟಿಕ್ಕಿದ.

"ಅಂಬುಬಾಯಿ, ಇಸಿಜಿ, ಹುಮನಾಬಾದ. ಇದೇನ್ರಿ? ಮುಂಜಾನಿ ಹಾಕಿದ್ರಲ್ಲ?"

"ಯಾರು?"

"ಅಂಬುಬಾಯಿಯವರು. ಇದೇ ಹೆಸರು, ಇದೇ ಜಡ್ಜ ಸಾಹೇಬ್ರಿಗಿ. ನೋಡ್ರಿ ಬೇಕಾದ್ರ." ಅವನು ರಿಜಿಸ್ಟರು ತಿರುಗಿಸಿ ತೋರಿಸಿದ. ಹತ್ತೂವರೆಯ ಸಾಲಿನಲ್ಲಿ ಅವಳದೇ ಹೆಸರು. "ಒಬ್ಬ ಹೆಣ್ಣಮಗಳು ಬಂದಿದ್ರು. ಛಲೋ ಸೀರಿ, ನಿಮಗಿಂತ ಸಣ್ಣಾಕಿ. ಹೆಸರೇನ್ರಿ ಅಂದ್ರ ಅಂಬುಬಾಯಿ ಅಂದ್ರು. ಅಳಾಕತ್ತಿದ್ರು, ಅದಕ್ಕ ನಾ ಹೆಚ್ಚು ಕೇಳಲಿಲ್ಲ."

ಮುಕ್ತಾಬಾಯಿ ಅವಳ ರಟ್ಟೆ ಹಿಡಿದಳು. "ಯಾರದು ಬಾಯಿ? ನಿಮ್ಮ ಹೆಸರಿಲೆ ಏನು ಬರದಾರ?"

ತನ್ನ ಕಾಗದವನ್ನು ಓದಿದ ಕೈ. ನಿರಿಗೆಯ ಮಡಿಕೆ. ಪೂನಂ. ಅಳುತ್ತ ಬಂದವಳು ತನ್ನ ತಪ್ಪನ್ನು ಬರೆದಳೋ, ಅದನ್ನು ಅಂಬುಬಾಯಿಯ ತಲೆಗೇ ಕಟ್ಟಿದಳೋ?

"ಪಂಡರಿ, ಆ ಮುಂಜಾನಿ ಲಕೋಟಿ ಒಂದು ಗಳಿಗಿ ಕೊಡಪ್ಪಾ. ಬರೇ ಅಕ್ಷರ ನೋಡ್ತೀನಿ."

"ಠಸ್ಸೆ ಬಿದ್ದಮ್ಯಾಲ ಅದು ಸರಕಾರದ್ದು, ಬಾಯಿ. ಅವರದೂ ಅಲ್ಲ, ನಿಮ್ಮದೂ ಅಲ್ಲ."

ಅವನು ಚೀಲದ ಬಾಯಿ ಬಿಗಿದು, ಅರಗು ಕರಗಿಸಿ ಮುದ್ರೆ ಒತ್ತಿದ. ಹೊರಗೆ ಬೀದರಿನ ಬಸ್ಸು ನಿಂತು ಹಾರ್ನು ಹೊಡೆಯುತ್ತಿತ್ತು. ಅಂಬುಬಾಯಿಯ ಎರಡು ಕಾಗದಗಳನ್ನು ಹೊಟ್ಟೆಯಲ್ಲಿಟ್ಟುಕೊಂಡು ಚೀಲ ಬಸ್ಸಿನ ಬಾಗಿಲಲ್ಲಿ ಹೋಗಿ ಬಿತ್ತು. ಕಂಡಕ್ಟರು ಅದನ್ನು ಕಾಲಿನಿಂದ ಒಳಗೆ ಸರಿಸಿ, ಸೀಟಿ ಊದಿದ.